ಸಿಯೆನಾದ ಸೋಡಿಯಂ

ಎರಡು ಲಕ್ಷ ಮೈಲಿ, ಅಂದರೆ ಸುಮಾರು 3,20,000 ಕಿಲೋಮೀಟರ್ ಓಡಿದ ಮಿನಿವ್ಯಾನನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಅಮೆರಿಕದ ಕನ್ನಡ ಮನೆಗಳಲ್ಲಿ ಏಳುವುದು ಸಾಮಾನ್ಯವಾಗಿ ಬೇಸಗೆಯಲ್ಲಿ. ಊರಿನಿಂದ ಅತ್ತೆಮಾವಂದಿರು ಆರು ತಿಂಗಳ ಮಟ್ಟಿಗೆ ಬಂದಿಳಿಯುವುದೂ ಬೇಸಗೆಯಲ್ಲೇ ಆದುದರಿಂದ, ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಸೊಸೆಯಂದಿರು ಬಹುಕಾಲದಿಂದ ಶಂಕಿಸುತ್ತ ಬಂದಿದ್ದಾರೆ. ಡೆಟ್ರಾಯಿಟ್ ಹೊರವಲಯದಲ್ಲಿ ನೆಲೆಸಿದ ಒಂದು ಹುಬ್ಬಳ್ಳಿ ಮನೆತನದಲ್ಲಿ ಈ ವರ್ಷ ಎದ್ದು, ಇನ್ನೂ ಪೂರ್ತಿ ಆರದಿರುವ ವ್ಯಾಜ್ಯವು ಈ ಶಂಕೆಗೆ ಗಟ್ಟಿಯಾದ ಆಧಾರವನ್ನು ಒದಗಿಸುತ್ತದೆ.

ವ್ಯಾಜ್ಯದ ವಸ್ತು ಒಂದು ಹಳೆಯ ಟೊಯೊಟಾ ಸಿಯೆನಾ. ಅದನ್ನು ತೆಗೆದುಹಾಕಿ ವಿದ್ಯುತ್ ಕಾರು ತರಬೇಕೆಂಬುದು ಮಗನ ಪಕ್ಷ. ಅದರಲ್ಲಿ ಶಾಲೆಗೆ ಇಳಿಯುವುದೇ ಮಾನಹಾನಿಯೆಂದು ಮೊಮ್ಮಗಳೂ ಮೊದಲು ಇದೇ ಪಕ್ಷದಲ್ಲಿದ್ದಳು, ಆದರೆ ಹದಿನಾರು ತುಂಬಿದೊಡನೆ ಗಾಡಿ ಅವಳದಾಗುವುದೆಂಬ ಸುಳಿವು ದೊರೆತ ಸಂಜೆಯೇ ಪಕ್ಷಾಂತರ ಮಾಡಿದಳು. ಎಣ್ಣೆಯನ್ನು ಪರೀಕ್ಷಿಸದೆ ಎಂಜಿನ್ನಿನ ಆಯುಷ್ಯದ ಬಗ್ಗೆ ತೀರ್ಪು ಕೊಡುವುದು ಅನಾಗರಿಕತೆ ಎಂಬುದು ಅಜ್ಜನ ಪಕ್ಷ. ಹುಬ್ಬಳ್ಳಿಯ ಡೀಸೆಲ್ ಲೋಕೋ ಶೆಡ್ಡಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಅವರು, ಜನರಲ್ ಮೋಟರ್ಸ್ ವಿನ್ಯಾಸದ, 16 ಸಿಲಿಂಡರುಗಳ, 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಎಂಜಿನ್ನುಗಳೊಡನೆ ಬಾಳಿದವರಾದ್ದರಿಂದ, ಆ ಕಂಪನಿಯ ತವರಾದ ಡೆಟ್ರಾಯಿಟಿಗೆ ಬಂದಾಗಲೆಲ್ಲ ಬೀಗರ ಊರಿಗೆ ಬಂದ ಗತ್ತಿನಲ್ಲೇ ನಡೆದುಕೊಳ್ಳುವರು.

ನ್ಯಾಯವಾಗಿ ಹೇಳುವುದಾದರೆ ಇತಿಹಾಸ ಅಜ್ಜನ ಕಡೆಗಿದೆ. ಬಳಸಿದ ಎಣ್ಣೆಯಲ್ಲಿನ ಲೋಹದ ಅಂಶವನ್ನು ಅಳೆದು ಎಂಜಿನ್ನಿನ ಒಳಸವೆತವನ್ನು ಗುರುತಿಸುವ ವಿದ್ಯೆ ಬೆಳೆದದ್ದೇ ರೈಲ್ವೆಯಲ್ಲಿ. 1940ರ ದಶಕದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲು ಕಂಪನಿ ತನ್ನ ಡೀಸೆಲ್ ಎಂಜಿನ್ನುಗಳ ಮೇಲೆ ಇದನ್ನು ಪ್ರಯೋಗಿಸಿತು, ಮುಂದೆ ಭಾರತೀಯ ರೈಲ್ವೆಯ ಶೆಡ್ಡುಗಳಲ್ಲೂ ಇದು ನಿತ್ಯಕರ್ಮವಾಯಿತು. ಎಣ್ಣೆಯನ್ನು ಅತಿ ಹೆಚ್ಚಿನ ಉಷ್ಣತೆಗೆ ಒಡ್ಡಿದಾಗ ಅದರಲ್ಲಿನ ಒಂದೊಂದು ಧಾತುವೂ ತನ್ನದೇ ಬಣ್ಣದ ಬೆಳಕನ್ನು ಬೀರುತ್ತದೆ; ಆ ಬೆಳಕನ್ನು ಅಳೆಯುವ ಉಪಕರಣವೇ ಸ್ಪೆಕ್ಟ್ರೋಮೀಟರ್, ಅದು ಕೊಡುವ ಲೆಕ್ಕವೇ ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ. ಕಬ್ಬಿಣ ಏರಿದರೆ ಸಿಲಿಂಡರಿನ ಗೋಡೆ ಅಥವಾ ಕ್ರ್ಯಾಂಕ್‌ಶಾಫ್ಟ್ ಸವೆಯುತ್ತಿದೆ, ಅಲ್ಯೂಮಿನಿಯಂ ಏರಿದರೆ ಪಿಸ್ಟನ್, ತಾಮ್ರ ಮತ್ತು ಸೀಸ ಏರಿದರೆ ಬೇರಿಂಗ್. ಸಿಲಿಕಾನ್ ಏರಿದರೆ ಗಾಳಿಯ ಫಿಲ್ಟರು ಧೂಳನ್ನು ಒಳಗೆ ಬಿಡುತ್ತಿದೆ. ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದರೆ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವ ಎಣ್ಣೆಗೆ ಸೋರುತ್ತಿರಬಹುದು. ಈ ಉಪಕರಣದ ಕಣ್ಣಿಗೆ ಕೆಲವೇ ಮೈಕ್ರಾನಿನ ಸಣ್ಣ ಕಣಗಳು ಕಾಣುವವೇ ಹೊರತು ದೊಡ್ಡ ಚೂರುಗಳು ಕಾಣುವುದಿಲ್ಲವೆಂದು, ಅಜ್ಜ ಹಳೆಯ ಎಣ್ಣೆ ಫಿಲ್ಟರನ್ನೂ ಕತ್ತರಿಸಿ, ಅದರ ಮಡಿಕೆಗಳನ್ನು ಊಟದ ಮೇಜಿನ ಮೇಲೆ ಹರವಿ, ಭೂತಗನ್ನಡಿ ಹಿಡಿದು ಕೂತಿದ್ದು ಶಾಸ್ತ್ರಸಮ್ಮತವೇ; ಮೇಜಿನ ಆಯ್ಕೆ ಮಾತ್ರ ಸೊಸೆಯ ಸಮ್ಮತಿ ಪಡೆಯಲಿಲ್ಲ.

ಪ್ರಯೋಗಾಲಯದ ವರದಿ ಬಂದಾಗ ಕಬ್ಬಿಣ, ತಾಮ್ರ, ಸೀಸ ಎಲ್ಲವೂ ಹದದಲ್ಲಿದ್ದವು. ಸೋಡಿಯಂ ಒಂದೇ ವಿಪರೀತ ಏರಿತ್ತು. ನೀರಿನ ಕುರುಹಿಲ್ಲ, ಕೂಲಂಟಿನ ಕುರುಹೂ ಇಲ್ಲ, ಮುಂದಿನ ಸಲ ಎಣ್ಣೆ ಬದಲಿಸುವಾಗ ಇನ್ನೊಂದು ಮಾದರಿ ಕಳಿಸಿ ಎಂದು ಪ್ರಯೋಗಾಲಯದವರು ಸಮಾಧಾನವಾಗಿಯೇ ಬರೆದಿದ್ದರು. ಆದರೆ ಸಮಾಧಾನದ ವಾಕ್ಯಗಳನ್ನು ಓದುವ ರೂಢಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳಿಗೂ ಅವುಗಳ ಮೇಲಿನ ತಲೆಭಾಗಕ್ಕೂ ನಡುವಿನ ತೆಳುವಾದ ತಡೆ, ಒಡೆದಿದೆಯೆಂದೂ, ರಿಪೇರಿಗೆ ಸಾವಿರಾರು ಡಾಲರು ಬೇಕೆಂದೂ ಮಗ ಗೆದ್ದ ದನಿಯಲ್ಲಿ ಘೋಷಿಸಿದ. ಡೆಟ್ರಾಯಿಟಿನ ನೆಲದಡಿಯಲ್ಲಿ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಆ ಉಪ್ಪೇ ಒಳಹೊಕ್ಕಿರಬೇಕೆಂದು ಮೊಮ್ಮಗಳು ಹೊಸ ಸಿದ್ಧಾಂತ ಮಂಡಿಸಿದಳು. ಉಪ್ಪು ಗಾಳಿಯ ದಾರಿಯಿಂದ ಬಂದಿದ್ದರೆ ಧೂಳೂ ಬರಬೇಕು, ಧೂಳು ಬಂದಿದ್ದರೆ ಸಿಲಿಕಾನ್ ಏರಬೇಕು, ಅದು ಏರಿಲ್ಲ ಎಂದು ಅಜ್ಜ ಅದನ್ನು ಖಂಡಿಸಿದರು. ಖಂಡನೆ ನಿರ್ದುಷ್ಟವಾಗಿತ್ತು. ಇಡೀ ವಾರಾಂತ್ಯ ಅವರು ಗರಾಜಿನಲ್ಲಿ ಕೂತು ರೇಡಿಯೇಟರಿನ ಮಟ್ಟ ಅಳೆದರು, ಡಿಪ್‌ಸ್ಟಿಕ್ಕಿನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿದರು, ಮೂಸಿದರು. ನಾಲಿಗೆಗೆ ಹಚ್ಚಿದರೆಂದು ಮೊಮ್ಮಗಳು ಸಾಕ್ಷಿ ನುಡಿದಳಾದರೂ ಅದು ರುಜುವಾತಾಗಿಲ್ಲ.

ರುಜುವಾತಾದದ್ದು ಬೇರೆಯೇ. ಮಾದರಿ ತುಂಬಲೆಂದು ಪ್ರಯೋಗಾಲಯದವರು ಕಳಿಸಿದ್ದ ಬಾಟಲಿ, ಬಿಗಿ ಮುಚ್ಚಳದ, ಒಂದು ಹನಿಯೂ ಸೋರದ ಬಾಟಲಿ. ಅಂಥದು ಅಡುಗೆಮನೆಯ ಕಟ್ಟೆಯ ಮೇಲೆ ಖಾಲಿ ಕೂತಿರುವುದನ್ನು ಉತ್ತರ ಕರ್ನಾಟಕದ ಯಾವ ಗೃಹಿಣಿಯೂ ಸಹಿಸಲಾರಳು. ಹುಬ್ಬಳ್ಳಿಯಿಂದ ತಂದ ರಂಜಕವನ್ನು, ಅಂದರೆ ಹಸಿ ಕೆಂಪು ಮೆಣಸಿನಕಾಯಿಗೆ ಧಾರಾಳ ಉಪ್ಪು ಹಾಕಿ ಅರೆದ ಆ ಖಾರವನ್ನು, ಅಜ್ಜಿ ಅದರಲ್ಲಿ ತುಂಬಿಟ್ಟಿದ್ದರು. ಎಣ್ಣೆ ಇಳಿಸುವ ದಿನ ಅಜ್ಜ ಬಾಟಲಿಯನ್ನು ಪತ್ತೆಹಚ್ಚಿ, ತೆರವು ಮಾಡಿ, ಒಣ ಬಟ್ಟೆಯಿಂದ ಒರೆಸಿದರು. ತೊಳೆಯಲಿಲ್ಲ, ಏಕೆಂದರೆ ಮಾದರಿಗೆ ನೀರಿನ ಒಂದು ಹನಿಯೂ ಸೋಕಬಾರದೆಂಬುದು ಶೆಡ್ಡಿನ ಶಿಸ್ತು. ಸಿಯೆನಾಕ್ಕೆ ಸೋಡಿಯಂ ತಗುಲಿದ್ದು ಹೀಗೆ, ಅಶಿಸ್ತಿನಿಂದಲ್ಲ.

ಇದನ್ನು ಕೇಳಿ ಮಗ ನೆಲಕ್ಕೆ ಕೂತು ನಕ್ಕ, ಮೊಮ್ಮಗಳು ಗೆಳತಿಯರಿಗೆಲ್ಲ ಸಂದೇಶ ಕಳಿಸಿದಳು, ಅಜ್ಜಿಯೊಬ್ಬರೇ ನಗಲಿಲ್ಲ. ಎಂಜಿನ್ನಿನ ಆರೋಗ್ಯ ಅವರಿಗೆ ಗೌಣವಾಗಿತ್ತು. “ಅದರಾಗಿನ ರಂಜಕ ಎಲ್ಲಿ ಹೋತು?” ಎಂಬ ಒಂದೇ ಪ್ರಶ್ನೆಯನ್ನು ಅವರು ಕೇಳಿದರು, ಉತ್ತರ ಬಾರದಿರಲು ಮತ್ತೆ ಕೇಳಿದರು. ಕಸದ ಬುಟ್ಟಿಯಲ್ಲಿ ಅದಿರಲಿಲ್ಲ, ಫ್ರಿಜ್ಜಿನಲ್ಲೂ ಇರಲಿಲ್ಲ. ರಕ್ತದೊತ್ತಡದ ಕಾರಣ ವೈದ್ಯರು ಉಪ್ಪು ಬಿಡಿಸಿದ ಮೇಲೆ ಸಪ್ಪೆ ಪಲ್ಯವನ್ನು ತಕರಾರಿಲ್ಲದೆ ಉಣ್ಣುತ್ತ ಬಂದಿದ್ದ ಪತಿಯ ಮುಖವನ್ನು ಅವರು ದೀರ್ಘಕಾಲ ನೋಡಿದರು. “ಚೆಲ್ಲೂದು ಪಾಪ ಅಲ್ಲೇನು?” ಎಂದು ಅಜ್ಜ ಕೊನೆಗೆ ಒಪ್ಪಿಕೊಂಡರು, ಗರಾಜಿನಲ್ಲಿ, ಜೋಳದ ರೊಟ್ಟಿಯೊಂದಿಗೆ. ಹೆಚ್ಚಿದ ಸೋಡಿಯಂ ಯಾರದು ಎಂಬ ಬಗ್ಗೆ ಆ ಮೇಲೆ ಮನೆಯಲ್ಲಿ ಎರಡು ಅಭಿಪ್ರಾಯವಿರಲಿಲ್ಲ. ಆ ರಾತ್ರಿ ಬಿಪಿ ಯಂತ್ರದ ಪಟ್ಟಿಯನ್ನು ಅವರ ತೋಳಿಗೆ ಕಟ್ಟುವಾಗ ಅಜ್ಜಿ ಬೈದದ್ದಕ್ಕಿಂತ ಬೈಯದೆ ಬಿಟ್ಟದ್ದೇ ಅಜ್ಜನಿಗೆ ಹೆಚ್ಚು ನಾಟಿತೆಂದು ಸೊಸೆಯ ಅಂಬೋಣ.

ಒಂದೇ ವರದಿಯಿಂದ ಎಂಜಿನ್ನಿನ ಜಾತಕ ತಿಳಿಯದು, ಮಾದರಿಯಿಂದ ಮಾದರಿಗೆ ಅಂಕಿಗಳು ಏರಿಳಿಯುವ ಜಾಡು ಮುಖ್ಯ ಎಂಬುದು ಈ ಶಾಸ್ತ್ರದ ಮೂಲತತ್ತ್ವ. ಇನ್ನೊಂದು ಮಾದರಿಗೆ ಗಾಡಿ 5,000 ಮೈಲಿ ಓಡಬೇಕು. ಮಗ ಕಚೇರಿಗೆ ಹೋಗಿಬರುವ ಲೆಕ್ಕದಲ್ಲಿ ಅದು ಮುಗಿಯುವುದು ಡಿಸೆಂಬರಿನಲ್ಲಿ, ಹುಬ್ಬಳ್ಳಿಗೆ ಹಿಂದಿರುಗುವ ಟಿಕೆಟ್ ಇರುವುದು ಅಕ್ಟೋಬರಿನಲ್ಲಿ. ಆದ್ದರಿಂದ ಎಲ್ಲರೂ ಕೂಡಿ ಆದಷ್ಟು ತಿರುಗಾಡಬೇಕೆಂದು, ಇದು ಕೇವಲ ಎಣ್ಣೆಯ ಸಲುವಾಗಿಯೇ ಎಂದು ಒತ್ತಿ ಹೇಳುತ್ತ, ಅಜ್ಜ ಯೋಜನೆಯೊಂದನ್ನು ಸಿದ್ಧಪಡಿಸಿದ್ದಾರೆ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದರೇ ಸುಮಾರು 600 ಮೈಲಿ ಕೂಡುತ್ತದೆ. ಮಾರುವ ಮಾತನ್ನು ಮಗ ಸದ್ಯಕ್ಕೆ ಎತ್ತುತ್ತಿಲ್ಲ. ಬುತ್ತಿಯಲ್ಲಿ ರಂಜಕ ಇರಕೂಡದೆಂಬ ಷರತ್ತಿನ ಮೇಲೆ ಅಜ್ಜಿ ಪ್ರವಾಸಕ್ಕೆ ಒಪ್ಪಿದ್ದಾರೆ. ಷರತ್ತು ಇನ್ನೂ ಚರ್ಚೆಯಲ್ಲಿದೆ.