ಗೋವಾ ಪಾಸಿಂಗ್ ಗಾಡಿಯೊಂದಿಗೆ ಮಾತುಕತೆ

ಮುಂಡರಗಿ ಬಸ್‌ಸ್ಟ್ಯಾಂಡಿನ ಹತ್ತಿರ, ಮಿರ್ಚಿ ಅಂಗಡಿಯ ಮುಂದೆ, ಸೈಡ್ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು ಆ ಬೈಕ್. ಕಡಲಗಾಳಿಗೆ ಸೈಲೆನ್ಸರ್ ತುಕ್ಕು ಹಿಡಿದಿದೆ. ಮಡ್‌ಗಾರ್ಡಿನ ಒಳಗೆ ಎರೆಮಣ್ಣು ಮೆತ್ತಿದೆ. ಸುತ್ತ ನಿಂತವೆಲ್ಲ ಗದಗ ಜಿಲ್ಲೆಯ ಕೆಎ 26; ಇದರದು ಮಾತ್ರ ಜಿಎ. ಮಾಲೀಕ ಗಿರಮಿಟ್ ತಿಂದು ಬರುವಷ್ಟರಲ್ಲಿ ನಡೆದ ಸಂದರ್ಶನ ಇದು.

ನಮಸ್ಕಾರ. ತಮ್ಮದು ಯಾವ ಊರು?

ಹುಟ್ಟಿದ್ದು ಕಂಪನ್ಯಾಗ, ಹೆಸರಿಟ್ಟಿದ್ದು ಗೋವಾದಾಗ, ಬಾಳೇವು ಮಾಡೂದು ಮುಂಡರಗ್ಯಾಗ್ರಿ. ನಮ್ಮ ಮಾಲಕ ಗೌಂಡಿ. ಮಳಿ ಕೈಕೊಟ್ಟ ವರ್ಷ ಗದಗದಾಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಾಸ್ಕೋಕ್ಕ ಹ್ವಾದ. ಅಲ್ಲೆ ನಾಕು ದುಡ್ಡು ಕೂಡಿಸಿ ನನ್ನ ತಗೊಂಡ.

ಹಾಗಾದರೆ ಇಲ್ಲಿ ತಾವು ಹೊರಗಿನವರು?

ಸರದಿ ಪ್ರಕಾರ್ರಿ. ಗೋವಾದಾಗ ನಾ ಊರಾಂವ, ಮಾಲಕ ಹೊರಗಿನಾಂವ. ನನ್ನ ನಂಬರ್ ನೋಡಿ ಯಾರೂ ಕೈ ಅಡ್ಡ ಮಾಡ್ತಿದ್ದಿಲ್ಲ. ಅವನ ಮಾತು ಕೇಳಿದ್ರ ‘ಘಾಟಿ’ ಅಂತಿದ್ರು. ಇಲ್ಲಿಗೆ ಬಂದ ಮ್ಯಾಲೆ ಅವ ಊರಾಂವ, ನಾ ಹೊರಗಿನಾಂವ. ಇಬ್ಬರೂ ಕೂಡೇ ಊರವರು ಅನ್ನಿಸಿಕೊಳ್ಳೂ ಊರು ಇನ್ನೂ ಸಿಕ್ಕಿಲ್ಲ.

ಕಾಯ್ದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಂ, ‘ಒಮ್ಮೆ ನೋಂದಣಿ ಆತಂದ್ರ ಇಡೀ ಭಾರತಕ್ಕ ನಡೀತೈತಿ’ ಅಂತೈತಿ. ಮಗ್ಗಲಿನ 47ನೇ ಕಲಂ, ‘ಬ್ಯಾರೆ ರಾಜ್ಯದಾಗ 12 ತಿಂಗಳು ಮೀರಿ ಇಟ್ಟಿ ಅಂದ್ರ ಹೊಸ ನಂಬರ್ ತಗೋ’ ಅಂತೈತಿ. ಗೋಡಿಗೆ ಗೋಡಿ ಹಚ್ಚಿಕೊಂಡ ಭಾಗಾದಿ ಅಣ್ತಮ್ಮರು ನೋಡ್ರಿ.

ಯುರೋಪಿಗೆ ಹೋದ ನಮ್ಮ ಹುಡುಗರಿಗೂ ಇಂಥದೇ ಪಾಡಂತೆ?

ಜರ್ಮನ್ಯಾಗ ನೆಲಿ ನಿಂತ್ರ ನಮ್ಮ ಲೈಸೆನ್ಸ್ ನಡೆಯೂದು 6 ತಿಂಗಳು. ಆಮ್ಯಾಲೆ ಬರಿಯೂ ಪರೀಕ್ಷೆ, ಓಡಿಸೂ ಪರೀಕ್ಷೆ ಎರಡೂ ಅಲ್ಲೇ ಪಾಸಾಗಬೇಕು. ಅವರು ಪರದೇಶದಾಂವಗ 6 ತಿಂಗಳು ಕೊಟ್ರು, ನಮ್ಮವರು ನಮ್ಮ ಗಾಡಿಗೇ 12 ತಿಂಗಳು ಕೊಟ್ಟಾರ. ಸ್ವದೇಶಿ ಅಭಿಮಾನದ ಬೆಲಿ ಬರೋಬ್ಬರಿ ಎರಡು ಪಟ್ಟು! ಹಂಗ ನೋಡಿದ್ರ ಗೋವಾನೂ 1961ರ ಡಿಸೆಂಬರ್ ತನಕಾ ಪೋರ್ಚುಗೀಸರ ಕೈಯಾಗ ಇತ್ತು. ಯುರೋಪು ಹೋತು, ಅದರ ಗುಣ ಉಳೀತು.

ಈ 12 ತಿಂಗಳ ಲೆಕ್ಕ ಇಡುವವರು ಯಾರು?

ದಾರಿ ಮ್ಯಾಲೆ ನಿಂತು ಕೈ ಮಾಡೂ ಸಾಹೇಬ್ರು. ‘ಯಾವಾಗ ಬಂದಿ?’ ಅಂತ ಕೇಳ್ತಾರ. ಮಾಲಕ ‘ಮೊನ್ನೆ ಬಂದೀನ್ರಿ’ ಅಂತ ಗೋವಾದ ಪೆಟ್ರೋಲ್ ಚೀಟಿ ತೋರಿಸ್ತಾನ. ಸಾಹೇಬ್ರು ಚೀಟಿ ನೋಡೂದಿಲ್ಲ, ಬಗ್ಗಿ ಮಡ್‌ಗಾರ್ಡ್ ನೋಡ್ತಾರ. ‘ಈ ಎರಿಮಣ್ಣು ಗೋವಾದಾಗ ಎಲ್ಲಿ ಸಿಗತೈತೋ ತಮ್ಮಾ?’ ಅಂತಾರ. ಮುಂದ ಮಾತಿಲ್ಲ.

ಕೆಎ 26 ಮಾಡಿಸಿಕೊಂಡರೆ ಮುಗಿಯಿತಲ್ಲ?

ಅಷ್ಟ ಸರಳ ಐತೇನ್ರಿ? ಮೊದಲು ಗೋವಾದಿಂದ ನಮೂನೆ 28ರಾಗ ಎನ್‌ಒಸಿ ತರಬೇಕು. ಅದಕ್ಕ ನನ್ನ ಚಾಸಿ ನಂಬರಿನ ಮ್ಯಾಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀತಾರ. ನನಗ ಕಚಗುಳಿ. ನಕ್ಕು ಅಲುಗಾಡಿದ್ನೆಂದ್ರ ಒಂದು ಅಂಕಿ ಮಬ್ಬಾಗತೈತಿ, ಮತ್ತ ತಿಕ್ಕಬೇಕು. ಆಮ್ಯಾಲೆ ಗದಗದಾಗ ನಮೂನೆ 27, ಕರ್ನಾಟಕದ ತೆರಿಗಿ. ಗೋವಾದಾಗ ಕಟ್ಟಿದ ತೆರಿಗಿ ಉಳಿಕಿ ವಾಪಸ್ ಬೇಕಂದ್ರ, ಹೊಸ ನಂಬರಿನ ಕಾಗದ ಹಚ್ಚಿ ಮತ್ತ ಆ ಕಡೆ ಅರ್ಜಿ. ನನಗಿರೂದು ಒಂದ ಜೀವ, ಆಜೀವ ತೆರಿಗಿ ಮಾತ್ರ ಎರಡು.

ನಮ್ಮ ಹಿರಿಯರ ಕಾಲದಲ್ಲಿ ಈ ಗಡಿಯ ಕಿರಿಕಿರಿ ಇರಲಿಲ್ಲ ಬಿಡಿ.

ಇದಕ್ಕಿಂತ ಜೋರ್ ಇತ್ರಿ! ಸ್ವಾತಂತ್ರ್ಯಕ್ಕ ಮೊದಲು ಗದಗ ಬ್ರಿಟಿಷರ ಮುಂಬೈ ಪ್ರಾಂತದಾಗ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಾಗ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಾಗ ಇದ್ವು. ಗದಗ ಬಿಟ್ಟು ಶಿರಹಟ್ಟಿ ಫಕೀರೇಶ್ವರ ಮಠಕ್ಕ ಕೈಮುಗಿದು, ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿ ಮುಟ್ಟೂದ್ರಾಗ ಮೂರು ಸರಕಾರ ನೋಡಬೇಕಿತ್ತು. 1997ರಾಗ ಗದಗ ಜಿಲ್ಲಾ ಆತು, ಈಗ ಎಲ್ಲಾರಿಗೂ ಒಂದ ಕೆಎ 26. ರಾಜರ ಗಡಿ ಅಳಿಸಿದವರಿಗೆ ನನ್ನ ಪ್ಲೇಟಿನ ಗಡಿ ಅಳಸಾಕ ಆಗವಲ್ದು.

ಅದಕ್ಕೇ ಅಲ್ಲವೇ ಇಡೀ ದೇಶಕ್ಕೆ ನಡೆಯುವ ಬಿಎಚ್ (ಭಾರತ್) ಸರಣಿಯ ನಂಬರ್ ಬಂದಿದ್ದು?

ಬಂತ್ರಿ, 2021ರ ಆಗಸ್ಟ್ 26ಕ್ಕ ಅಧಿಸೂಚನೆ. ಸರಕಾರಿ ನೌಕರರಿಗೆ, ಸೈನ್ಯದವರಿಗೆ, ಮತ್ತ 4 ಅಥವಾ ಹೆಚ್ಚು ರಾಜ್ಯದಾಗ ಆಫೀಸ್ ಇರೂ ಕಂಪನಿ ನೌಕರರಿಗೆ. ನಮ್ಮ ಮಾಲಕ ನಾಕು ರಾಜ್ಯದಾಗ ಮನಿ ಕಟ್ಯಾನ, ಆದ್ರ ಅವಂದು ಒಂದೂ ಆಫೀಸ್ ಇಲ್ಲ. ಮಜಾ ಕೇಳ್ರಿ: ಅದ ದಿನಾನ ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್ಲೂ ಶುರುವಾತು. ಮಾಲಕಗ 12 ಅಂಕಿ ನಂಬರ್ ಸಿಕ್ತು, ಇಡೀ ದೇಶಕ್ಕ ನಡೀತೈತಿ. ಸಾಹೇಬ್ರ ಗಾಡಿ ಭಾರತದ್ದಾತು, ಕೂಲಿಯಾಂವ ಭಾರತದಾಂವ ಆದ. ಕೂಲಿಯಾಂವನ ಗಾಡಿ ನಡುವ ಉಳೀತು.

ಸರಕಾರಕ್ಕೆ, ಓದುಗರಿಗೆ ಏನು ಹೇಳುತ್ತೀರಿ?

ನನ್ನ ಪ್ಲೇಟಿನ ಎಡಕ್ಕ ನೀಲಿ ಅಕ್ಷರದಾಗ ‘ಐಎನ್‌ಡಿ’ ಅಂತ ಬರದೈತಿ. ಅದನ್ನೊಂದೀಟು ಓದ್ರಿ ಅಂತ ಸರಕಾರಕ್ಕ ಹೇಳ್ರಿ. ಇ-ಶ್ರಮ್ ಕಾರ್ಡ್ ಇದ್ದಾಂವಗೂ ಬಿಎಚ್ ನಂಬರ್ ಕೊಡ್ರಿ. ಓದೋರಿಗೆ ಇಷ್ಟ: ಅಗ್ಗಕ್ಕ ಸಿಕ್ತು ಅಂತ ಗೋವಾ ಪಾಸಿಂಗ್ ಗಾಡಿಗೆ ಮುಂಗಡ ಕೊಡಬ್ಯಾಡ್ರಿ. ಎನ್‌ಒಸಿ ಕೈಗೆ ಬಂದ ಮ್ಯಾಲೆ ರೊಕ್ಕ ಎಣಸ್ರಿ.