ಹಳೆ ಜಿಪ್ಸಿ ಮಾಲೀಕರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಕೆಲವರು ಮಿಲಿಟರಿ ಹರಾಜಿಗೆ ಬಂದ ಗಾಡಿಯನ್ನು ಹಿಡಿದು ತಂದವರು. ಕೆಲವರು ಎಸ್ಟೇಟಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ಬಿದ್ದಿದ್ದ ಗಾಡಿಗೆ ಮತ್ತೆ ಜೀವ ಕೊಟ್ಟವರು. ಭಾನುವಾರ ಬಂತೆಂದರೆ ಪಾನಾ ಹಿಡಿದು ಗಾಡಿಯ ಅಡಿಗೆ ನುಗ್ಗುವವರು, ಒಂದು ಹಿಡಿಕೆ, ಒಂದು ರಿಲೇಗಾಗಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಅಂಗಡಿ ಅಲೆಯುವವರು. ಆ ಪ್ರೀತಿ ನನಗೂ ಇದೆ. ಆದರೆ ನಾವು ಸೇರಿದಲ್ಲೆಲ್ಲ ಕೇಳಿಬರುವ ಒಂದು ಮಾತು ನನಗೆ ಸಹಿಸಲಾಗುತ್ತಿಲ್ಲ. "ಹಳೇ ಗಾಡಿ ಅಲ್ವಾ, ಆಯಿಲ್ ಸ್ವಲ್ಪ ಲೀಕ್ ಆಗೇ ಆಗುತ್ತೆ ಬಿಡಿ." ಈ 'ಬಿಡಿ' ಎನ್ನುವುದನ್ನು ಬಿಡಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಜಿಪ್ಸಿ ನಮ್ಮ ರಸ್ತೆಗಿಳಿದದ್ದು 1985ರಲ್ಲಿ, 970 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ನಿನೊಂದಿಗೆ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಕಾರ್ಬ್ಯುರೇಟರಿನ ಬದಲು ಎಂಪಿಎಫ್‌ಐ. ಅಂದರೆ ಕಾರ್ಬ್ಯುರೇಟರ್ ಇರುವ ಜಿಪ್ಸಿ ಯಾರ ಮನೆಯಲ್ಲಿದ್ದರೂ ಅದಕ್ಕೀಗ ಕಾಲು ಶತಮಾನ ತುಂಬಿದೆ. ಆ ಎಂಜಿನ್ನಿನ ಕಬ್ಬಿಣ, ಅಲ್ಯೂಮಿನಿಯಂ ಇನ್ನೂ ಗಟ್ಟಿಯಾಗಿರಬಹುದು, ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ಸೋತಿರುವುದು ಅವುಗಳ ಸಂದಿಯಲ್ಲಿ ಕುಳಿತ ರಬ್ಬರು. ದಿನವೂ ಕಾದು, ದಿನವೂ ತಣಿದು, ಮೆತ್ತಗಿದ್ದ ಸೀಲು ಕಲ್ಲಾಗುತ್ತದೆ. ಉಗುರಿನಿಂದ ಒತ್ತಿದರೆ ಸೀಳುತ್ತದೆ. ರಬ್ಬರನ್ನು ಬದಲಾಯಿಸಬಹುದು. ಎಂಜಿನ್ ಬಿಚ್ಚಿ ಹರಡುವಷ್ಟು ದೊಡ್ಡ ಕೆಲಸವೂ ಎಷ್ಟೋ ಸಲ ಅದಲ್ಲ. ಹೀಗಿರುವಾಗ ಸೋರಿಕೆಯನ್ನು ಗಾಡಿಯ ಹುಟ್ಟುಗುಣ ಎಂದು ಒಪ್ಪಿಕೊಳ್ಳುವುದು ಆ ಗಾಡಿಗೇ ಮಾಡುವ ಅನ್ಯಾಯ.

ಪೇಟೆಯಲ್ಲಿ ಓಡುವ ಕಾರಿಗಿಂತ ಫೋರ್ ವೀಲ್ ಡ್ರೈವ್ ಗಾಡಿಗೆ ಸೋರಿಕೆ ಹೆಚ್ಚು ಅಪಾಯ ಎನ್ನುವುದನ್ನು ನೀವು ಯೋಚಿಸಿದ್ದೀರಾ? ಈ ಎಂಜಿನ್ನಿಗೆ ಹಿಡಿಯುವುದೇ ನಾಲ್ಕು ಲೀಟರಿನ ಒಳಗಿನ ಆಯಿಲ್. ಅದರಲ್ಲಿ ಒಂದು ಲೀಟರ್ ಹೋಯಿತೆಂದರೆ ಸಮತಟ್ಟಾದ ರಸ್ತೆಯಲ್ಲಿ ಹೇಗೋ ನಡೆದೀತು. ಕಡಿದಾದ ಏರಿನಲ್ಲಿ ಗಾಡಿ ಹಿಂದಕ್ಕೆ ವಾಲಿ ನಿಂತಾಗ, ಎಂಜಿನ್ನಿನಡಿಯ ಚೇಂಬರಿನಲ್ಲಿ ಉಳಿದ ಆಯಿಲ್ ಒಂದು ಮೂಲೆಗೆ ಸರಿಯುತ್ತದೆ. ಹೀರುವ ಜಾಲರಿ ಬತ್ತಿ ಪಂಪು ಗಾಳಿ ಎಳೆಯತೊಡಗುತ್ತದೆ. ಕ್ರ್ಯಾಂಕಿನ ಬೇರಿಂಗುಗಳು ಒಣಗಿ ತಿರುಗುವುದು ಆಗಲೇ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿದ್ದನ್ನು ಕಲ್ಲುಬಂಡೆಯ ನಡುವೆ ಸ್ಟೇರಿಂಗ್ ತಿರುವುವವನು ಗಮನಿಸುವುದೂ ಇಲ್ಲ. ಇನ್ನು ಕ್ರ್ಯಾಂಕಿನ ಹಿಂಭಾಗದ ಸೀಲಿನಿಂದ ಸೋರಿದ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ, ಬಿಸಿಲೆ ಘಾಟಿಯಂಥ ಕಡೆ ತುಂಬಿದ ಗಾಡಿ ಏರಿನ ನಡುವೆ ಕ್ಲಚ್ ಜಾರಿ ನಿಲ್ಲುತ್ತದೆ. ಎಂಜಿನ್ ಕೂಗುತ್ತದೆ, ಗಾಲಿ ಅಲುಗುವುದಿಲ್ಲ.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ತೊಳೆಯುವುದರಿಂದ. ವರ್ಷಗಳ ಜಿಡ್ಡು, ಧೂಳು, ಕಾಫಿ ತೋಟದ ಕೆಮ್ಮಣ್ಣು ಸೇರಿ ಕಪ್ಪು ಗೋಂದಿನಂತೆ ಕೂತ ಎಂಜಿನ್ನಿನ ಮೇಲೆ ಸೋರಿಕೆಯ ಮೂಲ ಹುಡುಕಲು ಯಾವ ಮೇಸ್ತ್ರಿಯಿಂದಲೂ ಆಗದು. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಕಾರ್ಬ್ಯುರೇಟರಿನ ಬಾಯಿ, ಇವುಗಳಿಗೆ ಪ್ಲಾಸ್ಟಿಕ್ ಸುತ್ತಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಬ್ರಷ್ಷಿನಿಂದ ಉಜ್ಜಿ. ಕೊಳೆ ಎಣ್ಣೆ ಚರಂಡಿಗೆ ಹೋಗದಂತೆ ಕೆಳಗೆ ಟ್ರೇ ಇಡಿ. ಗಾಳಿ ಹೊಡೆದು ಒಣಗಿಸಿ, ಸೀಮೆಎಣ್ಣೆಯ ವಾಸನೆ ಪೂರ್ತಿ ಆರಿದ ಮೇಲೆಯೇ ಎಂಜಿನ್ ಚಾಲೂ ಮಾಡಿ. ಆಮೇಲೆ ಅನುಮಾನವಿರುವ ಜಾಗಗಳಿಗೆ ಮೈಗೆ ಹಚ್ಚುವ ಪೌಡರನ್ನೇ ತೆಳುವಾಗಿ ಉದುರಿಸಿ, ನಾಲ್ಕಾರು ಕಿಲೋಮೀಟರ್ ಓಡಿಸಿ ಬಂದು ಟಾರ್ಚು ಹಿಡಿದು ನೋಡಿ. ಬಿಳಿಯ ಮೇಲೆ ಕಂದು ಗೆರೆ ಎದ್ದಿರುತ್ತದೆ. ಆ ಗೆರೆಯ ಅತಿ ಎತ್ತರದ ತುದಿಯನ್ನು ಹುಡುಕಿ, ತೊಟ್ಟಿಕ್ಕುವ ಜಾಗವನ್ನಲ್ಲ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ನೆಲದ ಮೇಲಿನ ಕಲೆ ನಂಬಿಕೆಗೆ ಅರ್ಹ ಸಾಕ್ಷಿಯಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಪಕ್ಕದ ಊರಿನ ಕಾಫಿ ಬೆಳೆಗಾರರೊಬ್ಬರ ಜಿಪ್ಸಿಯಲ್ಲಿ ಎಂಜಿನ್, ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗಿನ ತಳದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನವರು ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ, "ಬ್ಯಾಕ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು" ಅಂದರು. ಇಳಿಸಿದರು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಅದನ್ನು ಬಿಚ್ಚಿ, ಗೇರ್ ಲಿವರ್ ಎತ್ತಿ, ಕ್ಲಚ್ ಕೇಬಲ್ ಕಳಚಿ, ಬಾಕ್ಸನ್ನು ಹಿಂದಕ್ಕೆ ಎಳೆದು, ಕ್ಲಚ್, ಫ್ಲೈವೀಲ್ ತೆಗೆದ ಮೇಲೆಯೇ ಆ ಸೀಲ್ ಕಣ್ಣಿಗೆ ಬೀಳುವುದು. ಎಲ್ಲ ಮಾಡಿ, ಹೊಸ ಸೀಲ್ ಹಾಕಿ, ಕೂಲಿ ತೆಗೆದುಕೊಂಡು ಗಾಡಿ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ತೊಟ್ಟು.

ಅವರು ಗಾಡಿಯನ್ನು ನನ್ನ ಶೆಡ್ಡಿಗೆ ತಂದರು. ತೊಳೆದು ಒಣಗಿಸಿ, ಎಂಜಿನ್ ಚಾಲೂ ಇಟ್ಟು, ಬಾನೆಟ್ಟಿನ ಒಳಗೆ ತೀರಾ ಹಿಂದೆ, ಫೈರ್‌ವಾಲಿನ ಪಕ್ಕಕ್ಕೆ ಸಣ್ಣ ಕನ್ನಡಿಯೊಂದನ್ನು ಇಳಿಸಿ ನೋಡಿದೆವು. ಎಂಪಿಎಫ್‌ಐಗೆ ಮುಂಚಿನ ಈ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ಕೂತಿರುವುದು ಹೆಡ್ಡಿನ ಹಿಂತುದಿಯಲ್ಲಿ, ಕ್ಯಾಮ್‌ಶಾಫ್ಟಿನ ಬಾಲದಿಂದ ತಿರುಗುವಂತೆ. ಅದರ ಅಲ್ಯೂಮಿನಿಯಂ ಕೇಸು ಹೆಡ್ಡಿಗೆ ಕೂಡುವ ಗೆರೆಯ ಕೆಳಗಂಚಿನಲ್ಲಿ ಜೇನಿನ ಬಣ್ಣದ ಒಂದು ಮಣಿ ನಿಧಾನಕ್ಕೆ ಉಬ್ಬಿತು. ಅಂಚು ದಾಟಿತು, ಬ್ಲಾಕಿನ ಹಿಂಗೋಡೆಯ ಮೇಲೆ ಜಾರಿತು. ಅದು ಸೀದಾ ಇಳಿದು ಸೇರುವುದು ಬೆಲ್ ಹೌಸಿಂಗಿನ ಸಂದಿಗೆ, ಅಲ್ಲಿಂದ ನೆಲಕ್ಕೆ. ನಿಜವಾಗಿ ಸೋರುತ್ತಿದ್ದದ್ದು ಕೇಸಿನ ಪ್ಯಾಕಿಂಗ್; ಬ್ಯಾಕ್ ಸೀಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ರೋಟರ್ ನಿಂತ ಜಾಗಕ್ಕೆ ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ಎತ್ತಿದೆವು. ಕೇಸು ಬಿಚ್ಚಿ, ಹಳೆ ಪ್ಯಾಕಿಂಗನ್ನು ಹೆರೆದು ತೆಗೆದು, ಹೊಸ ಪ್ಯಾಕಿಂಗ್, ಹೊಸ ಓ-ರಿಂಗ್ ಕೂರಿಸಿ, ಕೇಸಿನೊಳಗಿನ ಗೇರಿಗೆ ಸ್ವಲ್ಪ ಎಂಜಿನ್ ಆಯಿಲ್ ಸುರಿದೆವು. ಕೊನೆಗೆ ಟೈಮಿಂಗ್ ಲೈಟು ಹಿಡಿದು ಇಗ್ನಿಷನ್ ಸರಿಪಡಿಸಿದೆವು. ಗೇರ್‌ಬಾಕ್ಸಿಗೆ ಕೈ ಹಚ್ಚುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಗೆಳೆಯರೇ, ಯಾರಾದರೂ ಬ್ಯಾಕ್ ಸೀಲ್ ಎಂದ ಕೂಡಲೇ ತಲೆಯಾಡಿಸಬೇಡಿ. ಮೊದಲು ಟ್ಯಾಪೆಟ್ ಕವರಿನ ಹಿಂಭಾಗ, ಆಮೇಲೆ ಡಿಸ್ಟ್ರಿಬ್ಯೂಟರ್, ಆಮೇಲೆ ಆಯಿಲ್ ಪ್ರೆಶರ್ ಸ್ವಿಚ್ಚು ನೋಡಿ. ಆ ಸ್ವಿಚ್ಚು ವೈರು ಕೂರುವ ಜಾಗದಿಂದಲೇ ಸೋರುವುದುಂಟು. ಅದು ಕಡಿಮೆ ಬೆಲೆಯ, ಒಂದು ಪಾನಾದ ಕೆಲಸ. ಇವೆಲ್ಲ ಒಣಗಿವೆ ಎಂದು ಖಾತ್ರಿಯಾದ ಮೇಲೆಯೇ ಗೇರ್‌ಬಾಕ್ಸಿನ ಮಾತು.

ತೊಟ್ಟನ್ನು ಬೆರಳಿಗೆ ಹಚ್ಚಿ ಮೂಸುವುದನ್ನೂ ಮರೆಯಬೇಡಿ. ಗೇರ್ ಆಯಿಲಿಗೆ ಗಂಧಕದ ಕಟು ವಾಸನೆಯಿದೆ, ಎಂಜಿನ್ ಆಯಿಲಿಗಿಲ್ಲ. ಬೆಲ್ ಹೌಸಿಂಗಿನಿಂದ ಬರುವುದು ಆ ವಾಸನೆಯ ದಪ್ಪ ಎಣ್ಣೆಯಾದರೆ ಹೋಗಿರುವುದು ಗೇರ್‌ಬಾಕ್ಸಿನ ಮುಂದಿನ ಸೀಲ್.

ಇನ್ನೊಂದು ಸಂಗತಿಯನ್ನು ಬಹಳ ಜನ ಕಡೆಗಣಿಸುತ್ತಾರೆ. ಎಂಜಿನ್ ಉಸಿರಾಡಬೇಕು. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲವನ್ನು ಮತ್ತೆ ಇನ್‌ಟೇಕಿಗೆ ಎಳೆದುಕೊಳ್ಳಲೆಂದು ಪಿಸಿವಿ ವಾಲ್ವು, ಬ್ರೀದರ್ ಪೈಪು ಇವೆ. ವಾಲ್ವು ಮಸಿಯಿಂದ ಕಟ್ಟಿಕೊಂಡರೆ, ಪೈಪು ಮಡಿಸಿಹೋಗಿದ್ದರೆ ಒತ್ತಡ ಒಳಗೇ ಏರಿ, ಎಲ್ಲಿ ಸಂದಿ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಕ್ಕೆ ನೂಕುತ್ತದೆ. ಹಾಗಿರುವಾಗ ಹೊಸ ಸೀಲ್ ಹಾಕಿದರೂ ಅದು ಬೇಗ ಸೋಲುತ್ತದೆ, ಇಲ್ಲವೇ ಪಕ್ಕದ ಸೀಲ್ ಸೋರಲು ಶುರುವಾಗುತ್ತದೆ. ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ನೋಡಿ. ಬಾಯಿಂದ ರಭಸವಾಗಿ ಹೊಗೆ ಉಗುಳುತ್ತಿದ್ದರೆ ಮೊದಲು ಬ್ರೀದರ್ ಶುಚಿ ಮಾಡಿ, ಪಿಸಿವಿ ಬದಲಿಸಿ. ಆಗಲೂ ನಿಲ್ಲದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ರಿಂಗು, ಬೋರು ಸವೆದಿದ್ದರೆ ಅದನ್ನು ಒಪ್ಪಿಕೊಂಡು ಎಂಜಿನ್ ಕೆಲಸಕ್ಕೆ ಹಣ ಕೂಡಿಡಿ. ಸವೆದ ಬೋರನ್ನು ಯಾವ ಸೀಲೂ ಕಾಯುವುದಿಲ್ಲ.

ಸಿಲಿಕಾನ್ ಪೇಸ್ಟಿನ ಮೇಲೆ ನಮ್ಮ ಗ್ಯಾರೇಜುಗಳಿಗಿರುವ ಭಕ್ತಿಯ ಬಗ್ಗೆ ನನಗೆ ತೀವ್ರ ತಕರಾರಿದೆ. ಪೇಸ್ಟು ಬೇಕಾದ ಕಡೆ ಬೇಕು, ಅದೂ ತೆಳ್ಳಗೆ. ಚೇಂಬರಿನ ಅಂಚಿಗೆ ಬೆರಳು ದಪ್ಪಕ್ಕೆ ಬಳಿದರೆ ಹೊರಗೆ ಕಾಣುವಷ್ಟೇ ಒಳಗೂ ಉಬ್ಬುತ್ತದೆ. ಆ ತುಣುಕು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಎಂಜಿನ್ನೇ ಹೋಗುತ್ತದೆ. ಟ್ಯಾಪೆಟ್ ಕವರಿನ ನಟ್ಟುಗಳನ್ನು ಬಲ ಹಾಕಿ ಬಿಗಿಯುವುದೂ ಅಂಥದ್ದೇ ತಪ್ಪು. ತಗಡು ಡೊಂಕಾಗಿ ಸೋರಿಕೆ ಹೆಚ್ಚುತ್ತದೆ. ಹೊಸ ಪ್ಯಾಕಿಂಗ್, ನಟ್ಟಿನಡಿಯ ಹೊಸ ರಬ್ಬರ್ ವಾಷರ್, ಒರೆಸಿ ಒಣಗಿಸಿದ ಮೇಲ್ಮೈ, ಹದವಾದ ಬಿಗಿ, ಇಷ್ಟೇ ಸಾಕು. ಡ್ರೈನ್ ಬೋಲ್ಟಿನ ವಾಷರನ್ನು ಪ್ರತಿ ಸಲ ಆಯಿಲ್ ಬದಲಿಸುವಾಗ ಬದಲಿಸಿ.

ನಿಜವಾಗಿಯೂ ಬ್ಯಾಕ್ ಸೀಲೇ ಹೋಗಿದ್ದರೆ ಆ ಕೆಲಸವನ್ನು ಒಮ್ಮೆಗೇ ಚೆನ್ನಾಗಿ ಮುಗಿಸಿ. ಹಳೆ ಸೀಲಿನ ತುಟಿ ಉಜ್ಜಿ ಉಜ್ಜಿ ಕ್ರ್ಯಾಂಕಿನ ಮೇಲೆ ಸಣ್ಣ ತೋಡು ಬಿದ್ದಿದೆಯೇ ಎಂದು ಉಗುರು ಎಳೆದು ನೋಡಿ. ಬಿದ್ದಿದ್ದರೆ ಹೊಸ ಸೀಲನ್ನು ಕೂದಲೆಳೆಯಷ್ಟು ಆಚೀಚೆ ಕೂರಿಸಿ, ತುಟಿ ನುಣುಪಾದ ಜಾಗಕ್ಕೆ ತಾಗುವಂತೆ ಮಾಡಬೇಕು; ಇಲ್ಲವೇ ತೆಳು ಸ್ಲೀವ್ ಹಾಕಿಸಬೇಕು. ತುಟಿಗೆ ಆಯಿಲ್ ಸವರದೆ ಸೀಲನ್ನು ಒಣಗಾಗಿ ಕೂರಿಸಬಾರದು. ಗೇರ್‌ಬಾಕ್ಸ್ ಇಳಿದಿರುವಾಗಲೇ ಅದರ ಮುಂದಿನ ಸೀಲ್, ಪೈಲಟ್ ಬೇರಿಂಗ್, ಕ್ಲಚ್ ಪ್ಲೇಟ್ ಕೂಡ ನೋಡಿಬಿಡಿ. ಮುಂಭಾಗದಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವಾಗ ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಎರಡನ್ನೂ ಜೊತೆಗೇ ಬದಲಿಸಿ. ಆಯಿಲ್ ಕುಡಿದ ಬೆಲ್ಟು ಹೆಚ್ಚು ದಿನ ಬಾಳುವುದಿಲ್ಲ. ಇಲ್ಲೆಲ್ಲ ಲೋಕಲ್ ಸೀಲಿಗೂ ಒಳ್ಳೆಯ ಸೀಲಿಗೂ ಇರುವ ಬೆಲೆಯ ವ್ಯತ್ಯಾಸ, ಮತ್ತೊಮ್ಮೆ ಬಿಚ್ಚುವ ಕೂಲಿಯ ಮುಂದೆ ಏನೇನೂ ಅಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ನಾವು ಈ ಗಾಡಿಗಳನ್ನು ಇಟ್ಟುಕೊಂಡಿರುವುದೇ ಘಟ್ಟ ಹತ್ತಲು. ಮೂಡಿಗೆರೆ, ಸಕಲೇಶಪುರ, ಕೊಡಚಾದ್ರಿಯ ಬುಡ, ಕೊಡಗಿನ ಬೆಟ್ಟ ಎಂದು ನಾವು ಹೋಗುವ ಜಾಗಗಳೆಲ್ಲ ನೀರು ಹುಟ್ಟುವ ಜಾಗಗಳು. ತುಂಗೆ, ಭದ್ರೆ, ಹೇಮಾವತಿ, ನೇತ್ರಾವತಿ, ಕಾವೇರಿ ಎಲ್ಲವೂ ಈ ಬೆಟ್ಟಸಾಲಿನಲ್ಲೇ ಕಣ್ಣು ಬಿಡುತ್ತವೆ. ನಾವು ಗಾಡಿಯನ್ನು ಹಳ್ಳಕ್ಕಿಳಿಸಿ ಫೋಟೋ ತೆಗೆಯುವಾಗ ಹೌಸಿಂಗಿನ ತಳದಲ್ಲಿ ಜಿನುಗುವ ಎಣ್ಣೆ ಕಾಮನಬಿಲ್ಲಿನ ಬಣ್ಣದ ಪೊರೆಯಾಗಿ ನೀರಿನ ಮೇಲೆ ಹರಡಿ ಇಳಿಯುತ್ತದೆ. ಆ ಹಳ್ಳದ ಕೆಳಗೆ ಯಾರದೋ ಮನೆಗೆ ಪೈಪಿನಲ್ಲಿ ಕುಡಿಯುವ ನೀರು ಹೋಗುತ್ತಿರುತ್ತದೆ. ಬಳಸಿದ ಎಂಜಿನ್ ಆಯಿಲನ್ನು ನಮ್ಮ ದೇಶದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿವೆ. ಗ್ಯಾರೇಜಿನಲ್ಲಿ ನೆಲಕ್ಕೆ ಸುರಿಯಬಾರದ ವಸ್ತುವನ್ನು ಶೋಲಾ ಕಾಡಿನ ಹಳ್ಳಕ್ಕೆ ಹನಿಹನಿಯಾಗಿ ಬಿಡುವ ಹಕ್ಕು ನಮಗೆ ಯಾರು ಕೊಟ್ಟರು?

ಹದಿನೈದು ವರ್ಷ ದಾಟಿದ ಗಾಡಿಗಳೆಲ್ಲ ಗುಜರಿಗೆ ಹೋಗಬೇಕೆನ್ನುವ ಮಾತು ಬಂದಾಗ ನಾವೆಲ್ಲ ಸಿಟ್ಟಾಗುತ್ತೇವೆ. ಚೆನ್ನಾಗಿ ನೋಡಿಕೊಂಡ ಹಳೆ ಗಾಡಿಯನ್ನು ಉಳಿಸಬೇಕೆಂದು ವಾದಿಸುತ್ತೇವೆ, ಸರಿಯಾಗಿಯೇ ವಾದಿಸುತ್ತೇವೆ. ಆದರೆ ನಿಂತಲ್ಲೆಲ್ಲ ಕರಿ ಕಲೆ ಬಿಡುವ ಗಾಡಿಯ ಪಕ್ಕ ನಿಂತು ಆ ವಾದ ಮಾಡಿದರೆ ಕೇಳುವವರು ಯಾರು? ಮಣ್ಣನ್ನು ಕಚ್ಚುವ ದೊಡ್ಡ ಟೈರು, ಲಿಫ್ಟ್ ಕಿಟ್, ವಿಂಚು, ಸ್ನಾರ್ಕೆಲ್, ಇವಕ್ಕೆಲ್ಲ ನಾವು ಸಾವಿರ ಸಾವಿರ ಸುರಿಯುತ್ತೇವೆ. ಸೀಲು, ಪ್ಯಾಕಿಂಗಿನ ಸರದಿ ಬರುವ ಹೊತ್ತಿಗೆ ಹಣವೂ ಮುಗಿದಿರುತ್ತದೆ, ಉತ್ಸಾಹವೂ. ಈ ಕ್ರಮ ತಲೆಕೆಳಗಾಗಬೇಕು. ಗಾಡಿ ಒಣಗಿದ ಮೇಲೆ ಟೈರು.

ಕೊನೆಗೆ ನನ್ನ ಕೋರಿಕೆ ಇಷ್ಟು. ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಎಂಜಿನ್ನಿನಡಿಗೆ ಬಿಳಿ ರಟ್ಟು ಹಾಸಿ ಮಲಗಿ. ಬೆಳಿಗ್ಗೆ ರಟ್ಟಿನ ಮೇಲೆ ತೊಟ್ಟು ಕಂಡರೆ ಆ ವಾರದ ಟ್ರಿಪ್ಪನ್ನು ಮುಂದಕ್ಕೆ ಹಾಕಿ, ಎಂಜಿನ್ ತೊಳೆದು, ಮೇಲಿನಿಂದ ಹುಡುಕುತ್ತಾ ಬನ್ನಿ. ಹುಡುಕಿ ಸಿಗದಿದ್ದರೆ ಗೊತ್ತಿದ್ದವರನ್ನು ಕರೆಯಿರಿ. ನಮ್ಮಲ್ಲಿ ಕರೆದರೆ ಬಾರದವರು ಯಾರೂ ಇಲ್ಲ. ದಯವಿಟ್ಟು ಸೋರುವ ಗಾಡಿಯನ್ನು ಘಟ್ಟಕ್ಕೆ ತರಬೇಡಿ.

ಇತಿ ನಿಮ್ಮವ,
ಒಬ್ಬ ಜಿಪ್ಸಿ ಮಾಲೀಕ
ಸಕಲೇಶಪುರ