ಐಡಿ ಅಣ್ಣ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಊರಿಗೆ ಹೋದರೂ ಮಂಡಕ್ಕಿ-ಮಿರ್ಚಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಐಡಿ ಅಣ್ಣ ಸಿಗುತ್ತಾನೆ. ಫೋನ್ ಅಡ್ಡ ಹಿಡಿದು, "ಲೇ, ಹಿಂದ ಅದಾನ್ಲೇ, ಹೊಡಿ ಹೊಡಿ!" ಎಂದು ಕೂಗುವವನೇ ಅವನು. ಗೇಮ್ ಐಡಿ ಕೊಡಿಸುವುದು, ಮಾರಿಸುವುದು, ಕಳೆದರೆ ಹುಡುಕಿಕೊಡುವುದು ಅವನ ಉಪಕಸುಬು. ಮುಖ್ಯ ಕಸುಬು ಯಾವುದೆಂದು ಮನೆಯವರೂ ಹುಡುಕುತ್ತಿದ್ದಾರೆ.

ಅವನ ಫೋನಿಗೆ ಬೆರಳಚ್ಚು, ಪ್ಯಾಟರ್ನ್, ಗ್ಯಾಲರಿಗೆ ಬೇರೆ ಪಾಸ್‌ವರ್ಡ್. ಮಿಸ್ಡ್ ಕಾಲ್ ನೋಡಲು ಅವ್ವ ಮುಟ್ಟಿದರೂ "ಪ್ರೈವೆಸಿ ಬೇ ಯವ್ವಾ, ಇಡು ಕೆಳಗ" ಎನ್ನುತ್ತಾನೆ. ಆದರೆ ಟೆಲಿಗ್ರಾಂ ಗುಂಪಿನಿಂದ ಇಳಿಸಿಕೊಂಡ ಎಪಿಕೆ ಆಟ ಕಾಂಟ್ಯಾಕ್ಟ್ಸ್, ಮೈಕ್, ಲೊಕೇಶನ್, ಎಸ್ಸೆಮ್ಮೆಸ್ ಕೇಳಿದರೆ ಓದದೆಯೇ 'ಅಲೋ' ಒತ್ತುತ್ತಾನೆ. ಎಸ್ಸೆಮ್ಮೆಸ್ ಓದಲು ಬಿಟ್ಟ ಮೇಲೆ ಅದು ಬ್ಯಾಂಕಿನ ಒಟಿಪಿ ಓದದೆ ಬಿಟ್ಟೀತೆ? "ಸರ್ವರ್ ಕೇಳತೈತ್ರಿ, ಕೊಡಬೇಕು" ಎಂಬುದು ಅವನ ಸಮಜಾಯಿಷಿ.

ಇನ್ನೂ ಕನ್ಯಾ ಸಿಗದಿದ್ದರೂ ದಾಖಲೆಯ ಪ್ರಕಾರ ಅವನು ತುಂಬು ಸಂಸಾರಿ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಎಂಬ ಬಂದೂಕಿನ ಆಟ ನಿಷೇಧವಾಗಿ, 2021ರ ಜುಲೈನಲ್ಲಿ ಬಿಜಿಎಂಐ ಎಂಬ ದೇಸಿ ಅವತಾರ ಬಂತು. 18 ತುಂಬದವರು ತಂದೆ-ತಾಯಿಯ ಫೋನಿಗೆ ಬರುವ ಒಟಿಪಿ ಕೊಡಬೇಕು, ದಿನಕ್ಕೆ 3 ತಾಸಷ್ಟೇ ಆಡಬೇಕು ಎಂಬ ನಿಯಮವೂ ಬಂತು. ಓಣಿಯ ಹುಡುಗರೆಲ್ಲ ಐಡಿ ಅಣ್ಣನ ನಂಬರ್ ಕೊಟ್ಟರು! ಕುಷ್ಟಗಿ ಕಡೆ ಕನ್ಯಾ ನೋಡಲು ಹೋಗಿ ಚಹಾ ಹಿಡಿದು ಕೂತಿದ್ದಾಗ ಫೋನ್ ಬಂತು. ಗಾಬರಿಯಲ್ಲಿ ಸ್ಪೀಕರ್ ಒತ್ತಿದ. "ಅಪ್ಪಾರ, ಒಟಿಪಿ ಹೇಳ್ರಿ" ಎಂದಿತು ಏಳನೇ ಕ್ಲಾಸಿನ ದನಿ. ಸಂಬಂಧ ಅಲ್ಲಿಗೇ ಮುರಿಯಿತು.

ಐಡಿ ವ್ಯಾಪಾರದ ಕತೆಯೇ ಬೇರೆ. ಗಂಗಾವತಿಯ ಹುಡುಗನೊಬ್ಬ ಸುಗ್ಗಿಯ ದುಡ್ಡಿನಲ್ಲಿ ಬಣ್ಣಬಣ್ಣದ ಬಂದೂಕುಗಳಿದ್ದ ಐಡಿ ಕೊಂಡು ಪಾಸ್‌ವರ್ಡ್ ಬದಲಿಸಿದ. ಎರಡೇ ದಿನ, ಮಾರಿದವನು ಹಳೆಯ ಇಮೇಲಿನಿಂದ ಅದನ್ನು ವಾಪಸ್ ಪಡೆದ, ಮನೆ ಮಾರಿಯೂ ಹಿತ್ತಲ ಕೀಲಿ ಇಟ್ಟುಕೊಂಡವನಂತೆ. ಕಂಪನಿಗೆ ದೂರುವಂತೆಯೂ ಇಲ್ಲ, ಐಡಿ ಮಾರುವುದೇ ಅದರ ನಿಯಮಕ್ಕೆ ವಿರುದ್ಧ.

"ಯಲಬುರ್ಗಾದವನ ಡೇಟಾ ತಗೊಂಡು ಯಾರೇನ್ ಮಾಡ್ತಾರ?" ಎಂದು ಅಣ್ಣ ನಗುತ್ತಾನೆ. 2011ರಲ್ಲಿ ಸೋನಿಯ ಪ್ಲೇಸ್ಟೇಷನ್ ಜಾಲದ 7.7 ಕೋಟಿ ಖಾತೆಗಳ ಮಾಹಿತಿ ಕಳ್ಳರ ಪಾಲಾಯಿತು. 2019ರಲ್ಲಿ ಝಿಂಗಾ ಎಂಬ ಗೇಮ್ ಕಂಪನಿಯ 17 ಕೋಟಿಗೂ ಹೆಚ್ಚು ಖಾತೆಗಳದ್ದು. ಒಂದು ಕಡೆ ಕದ್ದ ಪಾಸ್‌ವರ್ಡನ್ನು ಬೇರೆ ಕಡೆಯೂ ಹಾಕಿ ನೋಡುವುದು ಕಳ್ಳರ ರೂಢಿ. ಅಣ್ಣನಿಗೋ ಆಟಕ್ಕೂ ಮೇಲ್‌ಗೂ ಫೇಸ್‌ಬುಕ್ಕಿಗೂ ಒಂದೇ ಪಾಸ್‌ವರ್ಡ್: ಊರಿನ ಹೆಸರು, ಮುಂದೆ 123.

2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಾಗ ಅಣ್ಣ ರಮ್ಮಿ ಆ್ಯಪ್ ಅಳಿಸಿ ನಿರಾಳನಾದ. ಅದಕ್ಕೆ ಕೊಟ್ಟಿದ್ದ ಆಧಾರ್, ಪ್ಯಾನ್ ಫೋಟೋಗಳು ಫೋನಿನ ಆ್ಯಪ್ ಜೊತೆ ಅಳಿಯುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಈಚೆಗೆ ಆಟದೊಳಗಿನ ದುಡ್ಡು ಪುಕ್ಕಟೆ ಕೊಡುತ್ತೇವೆಂಬ 'ಫ್ರೀ ಯುಸಿ' ಲಿಂಕ್ ಒತ್ತಿದ್ದಾನೆ. ಅವ್ವನ ಖಾತೆಗೆ ಜೋಡಿಸಿದ್ದು ಅವನದೇ ನಂಬರ್. ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಹೋಯಿತು. ಸೈಬರ್ ವಂಚನೆಗೆ 1930ಕ್ಕೆ ಎಷ್ಟು ಬೇಗ ಕರೆ ಮಾಡಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಆ ನಂಬರ್ ಐಡಿ ಅಣ್ಣನಿಗೂ ಬಾಯಿಪಾಠ. ಅವ್ವನಿಗೆ ಗೊತ್ತಾಗುತ್ತದೆಂದು ಇನ್ನೂ ಮಾಡಿಲ್ಲ.